ತಗಡು ಕೆಂಪಾದ ವಾಲ್ವ್

ಇಪ್ಪತ್ತೆರಡು ವರ್ಷದಿಂದ ಅವಳು ಅಪ್ಪನ ರಿಪೇರಿ ಅಂಗಡಿಯಲ್ಲಿ ಬೆಸುಗೆ ಹಾಕುತ್ತಿದ್ದಳು. ಬಲ್ಬಿನಂಥ ಗಾಜಿನ ವಾಲ್ವುಗಳಿರುವ ಹಳೆಯ ಆಂಪ್ಲಿಫೈಯರ್ ಕೆಟ್ಟರೆ ಜನ ಹುಡುಕಿಕೊಂಡು ಬರುತ್ತಿದ್ದದ್ದು ಅವಳನ್ನೇ. ತಂಗಿಯ ಗಂಡ ಕೆಲಸಕ್ಕೆ ಸೇರಿ ಮೂರೇ ತಿಂಗಳಾಗಿತ್ತು. ಅಪ್ಪ ಬಂದವರಿಗೆಲ್ಲ ಅಳಿಯನ ಕೈಚಳಕ ವರ್ಣಿಸತೊಡಗಿದ. ಕಿಟಕಿ ಪಕ್ಕದ ಮೇಜು ಅಳಿಯನಿಗೆ ಹೋಯಿತು, ಅವಳ ಸಾಮಾನು ಒಳಕೋಣೆಗೆ. ಅವಳು ಒಳಗೊಳಗೇ ಕುದಿಯುತ್ತಿದ್ದಳು.

ನೃತ್ಯಶಾಲೆಯ ಮೇಡಂ ತಂದ ಆಂಪ್ಲಿಫೈಯರ್ ಕೂಡ ಅಳಿಯನ ಪಾಲಿಗೇ ಬಂತು. ಅವನು ಸತ್ತ ವಾಲ್ವ್ ಕಿತ್ತು, ಹಳೆಯ ಡಬ್ಬದಿಂದ ಒಂದನ್ನು ಆರಿಸಿ ಕೂರಿಸಿದ. ಹಾಡು ಬಂತು, ಅಪ್ಪ ಬೆನ್ನು ತಟ್ಟಿದ. ನೀರು ಕುಡಿಯಲು ಹೊರಬಂದ ಅವಳು ಅಲ್ಲೇ ನಿಂತಳು. ಗಾಜಿನೊಳಗೆ ಸಣ್ಣ ಕಿತ್ತಳೆ ಬೆಳಕಿದ್ದರೆ ಸರಿ. ಇಲ್ಲಿ ಸುತ್ತಲಿನ ಬೂದು ತಗಡೇ ಒಂದು ಮೂಲೆಯಲ್ಲಿ ಕೆಂಪಗೆ ಕಾದಿತ್ತು. ವಾಲ್ವ್ ಕೆಟ್ಟಿದೆ, ಮಿತಿಮೀರಿ ಕರೆಂಟು ಎಳೆಯುತ್ತಿದೆ. ಗಂಟೆಗಟ್ಟಲೆ ಓಡಿದರೆ ಟ್ರಾನ್ಸ್‌ಫಾರ್ಮರ್ ಸುಟ್ಟೀತು, ಬೆಂಕಿಯೂ ಹತ್ತೀತು. ಬಾಯಿಗೆ ಬಂದ ಮಾತನ್ನು ನೀರಿನ ಜೊತೆ ನುಂಗಿದಳು. ಒಂದು ಸಲ ಅವನ ಮುಖಕ್ಕೆ ಮಸಿ ಬೀಳಲಿ, ಅಪ್ಪ ಕಣ್ಣಾರೆ ನೋಡಲಿ.

ಮರುದಿನ ಬೆಳಿಗ್ಗೆ ಆಂಪ್ಲಿಫೈಯರ್ ನೃತ್ಯಶಾಲೆಗೆ ಹೋಯಿತು. ಹನ್ನೊಂದರ ತನಕ ಅವಳು ಒಂದೇ ತಂತಿಯನ್ನು ಮೂರು ಸಲ ಬೆಸೆದಳು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಓಡಿದಳು.

ನೃತ್ಯಶಾಲೆಯಲ್ಲಿ ಹದಿನೈದು ಹುಡುಗಿಯರು ಕುಣಿಯುತ್ತಿದ್ದರು. ಯಾರೋ ಆಂಪ್ಲಿಫೈಯರ್ ಪೆಟ್ಟಿಗೆಯ ಮೇಲೆ ಶಾಲು ಎಸೆದಿದ್ದರು. ಅದರಡಿಯಿಂದ ಹೊಗೆ ಏಳುತ್ತಿದ್ದದ್ದನ್ನು ಕುಣಿತದ ಭರದಲ್ಲಿ ಯಾರೂ ನೋಡಿರಲಿಲ್ಲ. ಅವಳು ಪ್ಲಗ್ ಕಿತ್ತು, ಶಾಲನ್ನು ಬರಿಗೈಯಲ್ಲಿ ಎಳೆದು ತುಳಿದಳು. ಅಂಗೈಯಲ್ಲಿ ಬೊಬ್ಬೆ ಎದ್ದವು.

ಅಂಗಡಿಯಲ್ಲಿ ಅಪ್ಪ ಅಳಿಯನಿಗೆ ಬಾಯಿಗೆ ಬಂದಂತೆ ಬೈದ. ಅವಳು ಬಯಸಿದ್ದೇ ಅದು. ಆದರೆ ಅವನು ತಲೆ ತಗ್ಗಿಸಿ, ತಪ್ಪು ನನ್ನದೇ ಮಾವ ಅಂದಾಗ ಅವಳಿಗೆ ತಡೆಯಲಾಗಲಿಲ್ಲ.

"ನನಗೆ ನಿನ್ನೆಯೇ ಗೊತ್ತಿತ್ತು. ತಗಡು ಕೆಂಪಾಗಿದ್ದನ್ನ ನೋಡಿದ್ದೆ."

"ಮತ್ತೆ ಯಾಕೆ ಹೇಳಲಿಲ್ಲ ಅಕ್ಕ?" ಅಂದ ಅಳಿಯ.

"ಹೊಟ್ಟೆಕಿಚ್ಚು."

ಅಪ್ಪ ಕುರ್ಚಿಯಲ್ಲಿ ಕುಸಿದು ಕೂತ. ಮೇಡಂಗೂ ಅವಳೇ ಹೋಗಿ ನಡೆದದ್ದು ಹೇಳಿದಳು. ಅವರು ಕೇಳಿಸಿಕೊಂಡರು, ಕೂತುಕೋ ಅನ್ನಲಿಲ್ಲ.

ಕೈ ವಾಸಿಯಾದ ಮೇಲೆ ನಾಲ್ಕು ದಿನ ಕೂತು ಸುಟ್ಟುಹೋಗಿದ್ದ ಟ್ರಾನ್ಸ್‌ಫಾರ್ಮರಿನ ತಂತಿ ಹೊಸದಾಗಿ ಸುತ್ತಿದಳು. ವಾಲ್ವ್ ಎಷ್ಟು ಕರೆಂಟು ಎಳೆಯುತ್ತದೆಂದು ಅಳೆದು ನೋಡುವುದನ್ನು ಅಳಿಯನಿಗೆ ಕಲಿಸಿದಳು. ತನಗೆ ವರ್ಷ ಹಿಡಿದದ್ದನ್ನು ಅವನು ಒಂದೇ ವಾರದಲ್ಲಿ ಕಲಿತ. ಅದೂ ಅವಳಿಗೆ ಚುಚ್ಚಿತು. ಚುಚ್ಚಿತೆಂದು ಅವನಿಗೇ ಹೇಳಿದಳು. ಅವನು ನಕ್ಕು, ಇನ್ನೊಂದು ವಾಲ್ವ್ ಕೊಡಿ ಅಕ್ಕ, ಅಳೆಯೋಣ ಅಂದ.