ಚೀಲದೊಳಗಿನ ಕಾವು

ಬೆಳಿಗ್ಗೆ ಕೊಯ್ದ ಟೀ ಸೊಪ್ಪನ್ನು ಚೀಲದಲ್ಲಿ ಒತ್ತಿ ತುಂಬಿದರೆ ಒಳಗೊಳಗೇ ಕಾವೇರುತ್ತದೆ. ಮಧ್ಯಾಹ್ನ ಫ್ಯಾಕ್ಟರಿ ಗಾಡಿ ಬರುವಷ್ಟರಲ್ಲಿ ಸೊಪ್ಪು ಬೆಂದು ಕೆಂಪಾಗಿರುತ್ತದೆ, ಗಾಡಿಯವರು ತೆಗೆದುಕೊಳ್ಳುವುದಿಲ್ಲ. ನಮ್ಮ ಬೆಟ್ಟದೂರು ಹುಬ್ಬತಲೈಯಲ್ಲಿ ಇದು ಗೊತ್ತಿಲ್ಲದ ಮಗುವಿಲ್ಲ. ಅಪ್ಪನಿಗೂ ಗೊತ್ತಿತ್ತು, ಕುಡಿಯದ ದಿನ. ಕುಡಿದ ದಿನ ಕಾಲಿನಿಂದ ತುಳಿದು ತುಂಬಿ, ಅದೇ ಚೀಲಕ್ಕೆ ತಲೆಕೊಟ್ಟು ಮಲಗುತ್ತಿದ್ದ.

ಹತ್ತು ವರ್ಷದ ನಾನು ಊಟದ ಬೆಲ್ಲಿಗೆ ಸ್ಕೂಲಿಂದ ಓಡಿಬಂದು ಚೀಲದೊಳಗೆ ಮೊಳಕೈವರೆಗೆ ಕೈ ತೂರಿಸುತ್ತಿದ್ದೆ. ಬಿಸಿಯಿದ್ದರೆ ಅಪ್ಪನ ತಲೆಯನ್ನು ಪಕ್ಕಕ್ಕಿಟ್ಟು ಸೊಪ್ಪನ್ನು ನೆಲಕ್ಕೆ ಸುರಿದು ಹರಡುವುದು. ಆಮೇಲೆ ಅದೇ ಕೈಯನ್ನು ಅಪ್ಪನ ಮೂಗಿನ ಹತ್ತಿರ ಹಿಡಿದು, ಉಸಿರಿದೆ ಅಂತ ಖಾತ್ರಿಯಾದ ಮೇಲೆ ವಾಪಸ್ಸು ಓಟ. "ಏನಮ್ಮಾ, ಇವತ್ತೂ ಸೊಪ್ಪಿಗೆ ಜ್ವರವಾ?" ಅನ್ನೋರು ಟೀಚರ್. ಕ್ಲಾಸು ನಗುತ್ತಿತ್ತು. ಎಲ್ಲರಿಗಿಂತ ಜೋರಾಗಿ ನಾನೇ ನಗುತ್ತಿದ್ದೆ.

ಊರು ನನ್ನನ್ನು ಗಟ್ಟಿಗಿತ್ತಿ ಅಂದಿತು. ಗಟ್ಟಿಗಿತ್ತಿಗೆ ಈಗ ನಲವತ್ತೆಂಟು. ಗ್ಯಾಸನ್ನು ಮೂರು ಸಲ ನೋಡದೆ ಮನೆ ಬಿಡಲಾರಳು. ಗಂಡ ಮಧ್ಯಾಹ್ನ ಸೋಫಾದಲ್ಲಿ ಕಣ್ಣು ಮುಚ್ಚಿದರೆ ಮೂಗಿನ ಹತ್ತಿರ ಕೈ ಹಿಡಿಯುತ್ತಾಳೆ. ಪಾಪ, ಅವರು ಟೀ ಬಿಟ್ಟು ಬೇರೇನೂ ಕುಡಿದವರಲ್ಲ.

ಅಪ್ಪ ಹೋದ ಮೇಲೆ ತೋಟದ ಜೊತೆ ಕುಡಿತವನ್ನೂ ತಮ್ಮ ವಹಿಸಿಕೊಂಡ. ಅವನ ಹೆಂಡತಿ ಬೇರೆಯವರ ತೋಟಕ್ಕೆ ಕೊಯ್ಯಲು ಹೋಗುತ್ತಾಳೆ. ಅವನನ್ನು ನೋಡಿಕೊಳ್ಳುವವಳು ಹನ್ನೊಂದು ವರ್ಷದ ಮಗಳು. ಹೋದ ತಿಂಗಳು ಅವಳು ಕೊಯಮತ್ತೂರಿನಲ್ಲಿ ನಡೆಯುವ ಓಟದ ಪಂದ್ಯಕ್ಕೆ ಸ್ಕೂಲಿಂದ ಆಯ್ಕೆಯಾದಳು.

"ನಾನು ಹೋಗಲ್ಲ ಅತ್ತೆ. ಸೊಪ್ಪು ಯಾರು ನೋಡೋದು?"

"ಅತ್ತೆಯಂತೇ ಗಟ್ಟಿಗಿತ್ತಿ," ಅಂದರು ಪಕ್ಕದ ಮನೆಯ ಅಜ್ಜಿ, ಮೆಚ್ಚಿ. ಆ ಮಾತಿಗೆ ಬಂದಷ್ಟು ಸಿಟ್ಟು ನನಗೆ ತಮ್ಮನ ಮೇಲೂ ಬಂದಿರಲಿಲ್ಲ.

"ನಾನು ನೋಡ್ಕೋತೀನಿ. ನೀನು ಹೊರಡು."

ಅವಳಿಗೆ ನಂಬಿಕೆ ಬರಲಿಲ್ಲ. "ಮೇಲೆ ಮುಟ್ಟಿದ್ರೆ ಸಾಲದು ಅತ್ತೆ. ಮೇಲೆ ತಣ್ಣಗೇ ಇರುತ್ತೆ. ಮೊಳಕೈವರೆಗೂ ಹಾಕ್ಬೇಕು."

"ಆಯ್ತು ಕಣಮ್ಮ," ಅಂದೆ, ಈಗಷ್ಟೇ ಕಲಿತವಳ ಹಾಗೆ.

ಹೊರಟ ದಿನ ಬಸ್ಸು ಬೆಟ್ಟವಿಳಿದು ಮೇಟುಪಾಳ್ಯ ಮುಟ್ಟುವ ಮೊದಲೇ ಅವಳ ಟೀಚರ್ ಫೋನಿಂದ ಎರಡು ಸಲ ಕರೆ ಬಂತು. ಮೊದಲನೇ ಸಲ, "ಸೊಪ್ಪು?"

"ಹರಡಿದೀನಿ. ತಣ್ಣಗಿದೆ."

ಎರಡನೇ ಸಲ, "ಅಪ್ಪ?"

ತಮ್ಮ ಖಾಲಿ ಚೀಲಗಳ ಮೇಲೆ ಬಾಯಿ ತೆರೆದು ಬಿದ್ದಿದ್ದ. "ಎದ್ದು ತೋಟಕ್ಕೆ ಹೋದ," ಅಂದೆ.

ಬಸ್ಸಿನಲ್ಲಿ ಮಕ್ಕಳು ಹಾಡುವುದು ಕೇಳಿಸುತ್ತಿತ್ತು.

"ಮೂಗಿನ ಹತ್ರ ಕೈ ಹಿಡಿದು ನೋಡು ಅತ್ತೆ," ಅಂದಳು.