ಬಾಬಣ್ಣ ಕಂಡ ಸುಳಿ

ಬಾಬಣ್ಣ ಮನುಷ್ಯರನ್ನು ಹಿಂದಿನಿಂದ ಗುರುತಿಸುತ್ತಿದ್ದರು. ಬಂಟ್ವಾಳ ಪೇಟೆಯ ಅವರ ಕ್ಷೌರದಂಗಡಿಗೆ ಹೋಗಿ ಎದುರು ನಿಂತರೆ "ಯಾರು?" ಎನ್ನುವರು. ಸಿಟ್ಟಿನಿಂದ ತಿರುಗಿದರೋ, "ಓ, ವಕೀಲರ ಗುಮಾಸ್ತರಲ್ವಾ? ಎಡಸುಳಿ!" ಎಂದು ಕೂಗುವರು. ಆ ಎಡಸುಳಿ ನಾನೇ.

"ಮುಖ ದಿನಕ್ಕೊಂದು ಥರ ಇರ್ತದೆ ಮಾರಾಯ್ರೆ. ನೆತ್ತಿಯ ಸುಳಿ ಹುಟ್ಟಿದಾಗಿಂದ ಅಲ್ಲೇ ಉಂಟು," ಎನ್ನುವರು.

ಒಮ್ಮೆ ಅವರ ಅಂಗಡಿಯೆದುರೇ ಸೈಕಲ್ ಕಳವಾಯಿತು. ಕ್ಷೌರಕ್ಕೆ ಕೂತಿದ್ದ ಸೈಕಲ್ಲಿನ ಯಜಮಾನ ಅರ್ಧ ಕತ್ತರಿಸಿದ ತಲೆಯಲ್ಲಿ ಪೇಟೆಯುದ್ದಕ್ಕೂ ಓಡಿದ, ಕಳ್ಳ ಸಿಗಲಿಲ್ಲ. ಕಳ್ಳನನ್ನು ಕಂಡದ್ದು ಬಾಬಣ್ಣ ಒಬ್ಬರೇ ಎಂದು ಮರುದಿನ ಪೊಲೀಸರು ಅವರನ್ನು ಠಾಣೆಗೆ ಕರೆಸಿ, ಮಾಣಿ ಊರಿನ ಕೂಲಿಯಾಳು ಐತಪ್ಪನನ್ನು ತೋರಿಸಿದರು. "ಸ್ವಲ್ಪ ಆಚೆ ತಿರುಗಿಸಿ," ಎಂದರಂತೆ ಬಾಬಣ್ಣ. "ಕಳ್ಳನನ್ನು ಬೆನ್ನು ತಿರುಗಿಸಿ ನಿಲ್ಲಿಸ್ತಾರಾ? ಮುಖ ನೋಡಿ ಹೇಳು!" ಎಂದು ಪೇದೆ ಗದರಿಸಿದ. ಕಳ್ಳ ತೊಟ್ಟಿದ್ದಂಥದೇ ಹಸುರು ಬನಿಯನು ಇವನ ಮೈಮೇಲೂ ಇತ್ತು. ಗೊತ್ತಿಲ್ಲವೆನ್ನಲು ನಾಚಿಕೆಯಾಗಿ "ಇವನೇ" ಎಂದುಬಿಟ್ಟರು.

ಐತಪ್ಪನ ಪರ ನಮ್ಮ ವಕೀಲರು. ಬೇರೆ ಸಾಕ್ಷಿಯಿಲ್ಲ, ಬಾಬಣ್ಣ ಕೋರ್ಟಿನಲ್ಲೂ "ಇವನೇ" ಎಂದರೆ ಜೈಲು ಖಂಡಿತ. ಅವರು ಬೆರಳೆತ್ತಿಯೂ ಆಗಿತ್ತು. ಅಷ್ಟರಲ್ಲಿ ಹಿಂದೆ ಹೆಂಡತಿ ಗೋಳೋ ಎಂದದ್ದಕ್ಕೆ ಐತಪ್ಪ ತಿರುಗಿದ.

"ಅಯ್ಯೋ ದೇವರೇ, ಎರಡು ಸುಳಿ!"

"ಏನದು?" ಎಂದರು ಮ್ಯಾಜಿಸ್ಟ್ರೇಟರು.

"ಸ್ವಾಮಿ, ಬಗ್ಗಿ ಬೀಗ ಮುರಿದವನಿಗೆ ಒಂದೇ ಸುಳಿ. ಅವನ ಮುಖ ನಾನು ಕಂಡೇ ಇಲ್ಲ. ಇವನೇ ಅಂತ ಹೇಳಿದ್ದು ನನ್ನ ತಪ್ಪು."

"ನೆತ್ತಿ ನೋಡಿ ಯಾರಾದರೂ ಗುರುತು ಹೇಳುತ್ತಾರೆಯೇ?" ಸರಕಾರಿ ವಕೀಲರು ರೇಗಿದರು.

"ಎಲ್ಲರೂ ಗೋಡೆಗೆ ಮುಖ ಮಾಡಿ, ಹೇಳ್ತೇನೆ."

ತಿರುಗಿದೆವಲ್ಲ! ಇಬ್ಬರು ವಕೀಲರು, ಪೇದೆ, ಅಂದು ಅರ್ಧ ತಲೆಯಲ್ಲಿ ಓಡಿದ್ದ ಯಜಮಾನ, ನಾನು. ಬಾಬಣ್ಣ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಮ್ಯಾಜಿಸ್ಟ್ರೇಟರೂ ಕುರ್ಚಿಯಲ್ಲಿ ಅರ್ಧ ತಿರುಗಿ, ಥಟ್ಟನೆ ನೆನಪಾಗಿ ನೆಟ್ಟಗೆ ಕೂತರು. ನಗು ತಡೆಯಲಾರದೆ ನಾನು ಗೋಡೆಗೆ ಹಣೆ ಒತ್ತಿಕೊಂಡಿದ್ದೆ.

ಐತಪ್ಪನ ಬಿಡುಗಡೆಯಾಯಿತು. ಎರಡು ಸುಳಿಯೆಂದರೆ ಎರಡು ಮದುವೆ ಎಂದು ಯಾರೋ ಅಂದದ್ದೇ ತಡ, ಅವನ ಹೆಂಡತಿ ಅಳು ನಿಲ್ಲಿಸಿ ಗಂಡನ ನೆತ್ತಿಯನ್ನು ದುರುಗುಟ್ಟಿ ನೋಡುತ್ತಾ ಮನೆಗೆ ಕರೆದೊಯ್ದಳು.

ಆಮೇಲೆ ನಾನು ಮೂಡುಬಿದಿರೆಗೆ ಹೋದೆ. ವರ್ಷಗಳ ಮೇಲೆ ಕೊನೆಯ ಸಲ ನೋಡಲು ಬಂದಾಗ ಬಾಬಣ್ಣನ ಕಣ್ಣು ಪೂರ್ತಿ ಮಂಜಾಗಿತ್ತು. "ನಾನು, ಎಡಸುಳಿ," ಎಂದು ಅವರ ಕೈಯನ್ನು ನನ್ನ ತಲೆಯ ಮೇಲಿಟ್ಟುಕೊಂಡೆ. ಬೆರಳುಗಳು ನನ್ನ ಬೋಳು ನೆತ್ತಿಯ ತುಂಬ ಹುಡುಕಾಡಿದವು.

"ಸ್ವರ ಅವರದೇ ಹಾಗೆ ಉಂಟು. ಆದರೆ ಸುಳಿಯೇ ಇಲ್ಲವಲ್ಲ ಮಾರಾಯ್ರೆ! ಇವರೇ ಅಂತ ನಾನು ಹೇಳುದಿಲ್ಲಪ್ಪ. ಒಮ್ಮೆ ಹೇಳಿ ಸಾಕಾಗಿದೆ."

ಹಾಗೆಂದರು. ಕೈಯನ್ನು ಮಾತ್ರ ನಾನು ಹೊರಡುವವರೆಗೂ ತೆಗೆಯಲಿಲ್ಲ.