ಟಿಬೆಟ್ಟಿನ ಕಹಳೆಗೆ ಚಳ್ಳಕೆರೆಯ ಚಪ್ಪಾಳೆ

ಕಳೆದ ಭಾನುವಾರ ಚಳ್ಳಕೆರೆಯ ಸಭಾಂಗಣವೊಂದರಲ್ಲಿ ಜನರೆಲ್ಲ ಎದ್ದು ನಿಂತು ಟಿಬೆಟ್ಟಿನ ಉದ್ದ ಕಹಳೆಗೆ ಚಪ್ಪಾಳೆ ತಟ್ಟಿದರು. ಆ ಕಹಳೆಯ ಸದ್ದು ಮಾತ್ರ ಅಲ್ಲಿ ಒಬ್ಬರಿಗೂ ಕೇಳಿಸಿರಲಿಲ್ಲ.

ನಾನು ಉತ್ಪ್ರೇಕ್ಷೆ ಮಾಡುವವನಲ್ಲ; ಈ ಅಂಕಣವನ್ನು ಓದುತ್ತ ಬಂದವರಿಗೆ ಅದು ಗೊತ್ತು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲೇ ಹೇಳುತ್ತೇನೆ.

ಕಾರ್ಯಕ್ರಮದ ಹೆಸರು ‘ಜಗತ್ತಿನ ಮಂದ್ರ ವಾದ್ಯಗಳು’. ತಗ್ಗು ದನಿಯ ವಾದ್ಯಗಳನ್ನು ಪರದೆಯ ಮೇಲೆ ತೋರಿಸಿ, ಕೇಳಿಸಿ, ವಿವರಿಸಲು ಬೆಂಗಳೂರಿನಿಂದ ತಜ್ಞರೊಬ್ಬರು ಬರುವವರಿದ್ದರು. ಆಮಂತ್ರಣದಲ್ಲಿ ಟ್ಯೂಬಾ ಇತ್ತು, ಡಬಲ್ ಬಾಸ್ ಇತ್ತು, ಆಸ್ಟ್ರೇಲಿಯಾದ ಡಿಜೆರಿಡೂ ಇತ್ತು. ಉರುಮೆ ಇರಲಿಲ್ಲ.

ಉರುಮೆಯನ್ನು ನಮ್ಮ ಚಳ್ಳಕೆರೆ, ಮೊಳಕಾಲ್ಮುರು ಕಡೆಯವರಿಗೆ ಪರಿಚಯಿಸಬೇಕಿಲ್ಲ. ಹೊರಗಿನ ಓದುಗರಿಗಾಗಿ: ಅದು ಎರಡು ಮುಖದ ಚರ್ಮವಾದ್ಯ. ಒಂದು ಮುಖಕ್ಕೆ ಬಡಿಯುತ್ತಾರೆ, ಇನ್ನೊಂದನ್ನು ಬಾಗಿದ ಕಡ್ಡಿಯಿಂದ ಉಜ್ಜುತ್ತಾರೆ. ಉಜ್ಜಿದಾಗ ಹೊರಡುವ ಗುರುಗುಟ್ಟುವ ದನಿ ಕಿವಿಗಿಂತ ಮೊದಲು ಹೊಟ್ಟೆಯನ್ನು ತಲುಪುತ್ತದೆ.

ಉರುಮೆಯನ್ನೂ ಸೇರಿಸಿ ಎಂದು ಕಾರ್ಯಕ್ರಮದ ಸಮಿತಿಗೆ ಮೂರು ಪತ್ರ ಬರೆದೆ. ಒಂದಕ್ಕೂ ಉತ್ತರವಿಲ್ಲ. ಕೊನೆಗೆ ಸಂಚಾಲಕರು ಫೋನಿನಲ್ಲಿ ಸಿಕ್ಕರು.

“ಸಾರ್, ಇದು ವರ್ಲ್ಡ್ ಲೆವೆಲ್ ಪ್ರೋಗ್ರಾಮು. ಉರುಮೆ ಲೋಕಲ್ ಐಟಮ್ ಆಗ್ತೈತೆ.”

ಮೊಳಕಾಲ್ಮುರು ಈ ಜಗತ್ತನ್ನು ಬಿಟ್ಟು ಹೋದದ್ದು ಯಾವಾಗ? ತಿಳಿಸಿದ್ದರೆ ಬೀಳ್ಕೊಡಲು ಬಸ್‌ಸ್ಟ್ಯಾಂಡಿಗಾದರೂ ಹೋಗುತ್ತಿದ್ದೆ. (ಇದೇ ಸಮಿತಿ ಮೂರು ವರ್ಷದ ಹಿಂದೆ ನನ್ನನ್ನು ಭಾಷಣಕ್ಕೆ ಕರೆದು, ಊಟದ ಕೂಪನ್ ಕೊಡಲು ಮರೆತಿತ್ತು. ಸಮಿತಿ ಮರೆತಿತ್ತು, ನಾನಲ್ಲ.)

ಬಹಳ ಹೇಳಿದ ಮೇಲೆ ಸಂಚಾಲಕರು ದೊಡ್ಡ ಮನಸ್ಸು ಮಾಡಿದರು. ತಜ್ಞರನ್ನು ಸ್ವಾಗತಿಸುವಾಗ ಗೇಟಿನಲ್ಲಿ ಉರುಮೆ ಬಾರಿಸಲಿ, ಆಮೇಲೆ ವೇದಿಕೆಯ ಮೇಲೆ ಹತ್ತು ನಿಮಿಷ ಕೊಡೋಣ ಎಂದರು. ಆ ಮಾತನ್ನು ನಂಬಿ ಮೊಳಕಾಲ್ಮುರು ಕಡೆಯ ಪಾಲಯ್ಯನನ್ನು ಕರೆಸಿದೆ. ನಾನು ಮೇಷ್ಟ್ರಾಗಿದ್ದಾಗಿನ ಶಿಷ್ಯ. ಈಗ ಅವನಿಗೂ ಅರುವತ್ತು ಸಮೀಪಿಸಿದೆ. ದೇವರ ಮುಂದೆ ಬಾರಿಸಿದ್ದಾನೆ, ದಿಬ್ಬಣದ ಮುಂದೆ ಬಾರಿಸಿದ್ದಾನೆ. ಸುಮ್ಮನೆ ಕುಳಿತು ಕೇಳುವ ಜನರ ಮುಂದೆ ಒಮ್ಮೆಯೂ ಬಾರಿಸಿರಲಿಲ್ಲ.

“ವೇದಿಕೆ ಮ್ಯಾಲೆ ಅಂದ್ರೆ ಬರ್ತೀನಿ ಮೇಷ್ಟ್ರೇ” ಎಂದಿದ್ದ. ಹೊಸ ಅಂಗಿ ತೊಟ್ಟು ಬಂದಿದ್ದ.

ಪಾಲಯ್ಯನ ಮನೆತನದಲ್ಲೊಂದು ಕಟ್ಟಳೆಯಿದೆ. ವೀಳ್ಯ ಕೊಟ್ಟವರ ಮಾತಿಗೆ ಉರುಮೆ ಶುರುವಾಗುತ್ತದೆ. ಅವರೇ ಬಂದು ಮತ್ತೊಮ್ಮೆ ವೀಳ್ಯ ಕೊಡುವವರೆಗೆ ನಿಲ್ಲಿಸುವಂತಿಲ್ಲ. ಇದನ್ನು ನನ್ನ ಎರಡನೆಯ ಪತ್ರದಲ್ಲೇ ವಿವರಿಸಿದ್ದೆ. ಓದಿದ್ದರೆ ಈ ಅಂಕಣ ಬರೆಯುವ ಶ್ರಮ ನನಗೆ ತಪ್ಪುತ್ತಿತ್ತು.

ಹತ್ತು ಗಂಟೆಗೆ ಸಂಚಾಲಕರು ಕ್ಯಾಮೆರಾ ನೋಡುತ್ತ ಪಾಲಯ್ಯನ ಕೈಗೆ ವೀಳ್ಯ ಕೊಟ್ಟರು. ಉರುಮೆ ಗುಡುಗಿತು. ತಜ್ಞರು ಕಾರಿನಿಂದಿಳಿದು, ಮೊಬೈಲಿನಲ್ಲಿ ಮಾತನಾಡುತ್ತಲೇ ಒಳಗೆ ನಡೆದರು. ಸಂಚಾಲಕರು ಅವರ ಹಿಂದೆ ಓಡಿದರು. ಬಾಗಿಲು ಮುಚ್ಚಿತು. ಪಾಲಯ್ಯನನ್ನು ವೇದಿಕೆಗೆ ಈಗ ಕರೆಯುತ್ತಾರೆ, ಆಗ ಕರೆಯುತ್ತಾರೆ ಎಂದುಕೊಂಡು ನಾನೂ ಒಳಗೆ ಕುಳಿತೆ.

ಪರದೆಯ ಮೇಲೆ ಟ್ಯೂಬಾ ಬಂತು. ಊದುವವನ ಕೆನ್ನೆ ಉಬ್ಬಿತು. ಹೊರಟದ್ದು ಸೊಳ್ಳೆ ಹಾಡಿದಷ್ಟು ಸದ್ದು. ಡಬಲ್ ಬಾಸ್ ಬಂತು. ಕಮಾನು ಆ ಕಡೆ ಹೋಯಿತು, ಈ ಕಡೆ ಬಂತು, ಅಷ್ಟೆ. ಭಾಷಣಕ್ಕೆಂದು ತಂದ ಪುಟಾಣಿ ಸ್ಪೀಕರುಗಳವು. ಅಷ್ಟು ತಗ್ಗಿನ ದನಿ ಅವುಗಳ ಗಂಟಲಿಗೆ ಎಟುಕುವಂಥದ್ದಲ್ಲ. ಮಂದ್ರ ವಾದ್ಯಗಳ ಕಾರ್ಯಕ್ರಮಕ್ಕೆ ಮಂದ್ರವೇ ಹೊರಡದ ಸ್ಪೀಕರು. ಆದರೂ ಸಭಿಕರು ತಲೆದೂಗುತ್ತಿದ್ದರು. ತಜ್ಞರ ಎದುರು ಕೇಳಿಸಲಿಲ್ಲ ಎನ್ನುವ ಧೈರ್ಯ ಯಾರಿಗಿದೆ?

ಅಷ್ಟರಲ್ಲಿ ಹೊರಗೆ, ಕಾರು ನಿಲ್ಲಿಸಲು ಅಡ್ಡವೆಂದು ವಾಚ್‌ಮನ್ ಪಾಲಯ್ಯನನ್ನು ಗೇಟಿನಿಂದ ಸಭಾಂಗಣದ ಹಿಂಬದಿಗೆ ಅಟ್ಟಿದ್ದ (ಇದು ನನಗೆ ಆಮೇಲೆ ತಿಳಿದದ್ದು). ಹಿಂಬದಿಯ ಗೋಡೆಗೊಂದು ತೆರೆದ ಕಿಟಕಿ. ಕಿಟಕಿಗೆ ನೇರವಾಗಿ, ಒಳಬದಿಯಲ್ಲಿ, ನಮ್ಮ ಪರದೆ. ಪರದೆಯ ಮೇಲೆ ಆ ಗಳಿಗೆಯಲ್ಲಿ ಟಿಬೆಟ್ಟಿನ ಕಹಳೆ.

ಸಭಾಂಗಣ ನಡುಗಿತು. ಕುರ್ಚಿಯ ಕಾಲಿನಿಂದ ಹತ್ತಿ ಬೆನ್ನಿಗೆ ತಾಗುವ ದನಿ. ತಜ್ಞರು ಕಣ್ಣು ಮುಚ್ಚಿದರು.

“ಕೇಳಿ, ಹಿಮಾಲಯವೇ ಮಾತಾಡ್ತಾ ಇದೆ” ಎಂದರು. ಜನ ಎದ್ದು ನಿಂತರು.

ಮೂರು ಪೆಟ್ಟು, ಒಂದು ಉದ್ದನೆಯ ಉಜ್ಜು. ಆ ಕೈ ನನಗೆ ಗೊತ್ತು. ನಾನೂ ಎದ್ದೆ, ಚಪ್ಪಾಳೆಗಲ್ಲ.

“ಇದು ಪಾಲಯ್ಯನ ಉರುಮೆ” ಎಂದೆ.

“ಪ್ರಶ್ನೆಗೆ ಕೊನೇಲಿ ಟೈಮ್ ಐತೆ, ಕೂತ್ಕಳ್ರಿ ಸಾರ್” ಎಂದರು ಸಂಚಾಲಕರು.

ಕುಳಿತೆ. ವೀಳ್ಯ ಕೊಟ್ಟವನು ನಾನಲ್ಲ. ಹೊರಗೆ ಹೋಗಿದ್ದರೂ ನಿಲ್ಲಿಸುವ ಅಧಿಕಾರ ನನಗಿರಲಿಲ್ಲ. ಆದರೂ ಹೋಗಬೇಕಿತ್ತು.

ಆಮೇಲೆ ಬಂದ ಡಿಜೆರಿಡೂವಿಗೂ ಅದೇ ತಾಳ. ಟಿಬೆಟ್ಟಿಗೂ ಆಸ್ಟ್ರೇಲಿಯಾಕ್ಕೂ ಒಂದೇ ತಾಳ ಹೇಗೆಂದು ಯಾರೂ ಕೇಳಲಿಲ್ಲ. ಪರದೆ ಆರಿದ ಮೇಲೂ ದನಿ ನಿಲ್ಲದಿದ್ದಾಗ ತಜ್ಞರು ಸ್ಪೀಕರಿನತ್ತ ಮೆಚ್ಚುಗೆಯಿಂದ ಒಮ್ಮೆ ನೋಡಿದರು. ಕೊನೆಯಲ್ಲಿ ಪ್ರಶ್ನೆಗೆ ಟೈಮ್ ಇರಲಿಲ್ಲ. ಪಾಲಯ್ಯನ ಹತ್ತು ನಿಮಿಷಕ್ಕೂ ಇರಲಿಲ್ಲ. ಶಾಲು ಹೊದಿಸಲು ಇತ್ತು. ಹನ್ನೊಂದು ಶಾಲು, ನಾನು ಎಣಿಸಿದೆ.

ಹನ್ನೆರಡೂವರೆಗೆ ಬಾಗಿಲು ತೆರೆಯಿತು. ಹಿಂಬದಿಯಲ್ಲಿ ಪಾಲಯ್ಯ ಇನ್ನೂ ಬಾರಿಸುತ್ತಿದ್ದ. ಹೊಸ ಅಂಗಿ ಬೆನ್ನಿಗೆ ಅಂಟಿತ್ತು. ಕಡ್ಡಿ ಹಿಡಿದ ಬೆರಳಿನ ಚರ್ಮ ಸುಲಿದಿತ್ತು.

“ಏ, ಸಾಕು ನಿಲ್ಸಪ್ಪ, ಫೋನಲ್ಲಿ ಮಾತಾಡಕ್ಕೆ ಆಗ್ತಿಲ್ಲ” ಎಂದರು ಸಂಚಾಲಕರು.

ಒಳಗೆ ಹಿಮಾಲಯವಾಗಿದ್ದ ದನಿ ಹೊರಗೆ ಬಂದೊಡನೆ ಗಲಾಟೆಯಾಗಿತ್ತು. ನಮ್ಮ ಸಂಗೀತಪ್ರೇಮಕ್ಕೆ ನಡುವೆ ಒಂದು ಗೋಡೆ ಬೇಕು, ಗೋಡೆಯ ಮೇಲೊಂದು ಪರದೆ ಬೇಕು, ಪರದೆಯ ಮೇಲೆ ಪಾಸ್‌ಪೋರ್ಟ್ ಇರುವ ವಾದ್ಯ ಬೇಕು.

“ವೀಳ್ಯ ಕೊಟ್ಟೋರು ನೀವೇ ಅಲ್ವೇನ್ರಿ ಸಾಮಿ, ನೀವೇ ಬಿಡಿಸ್ಬೇಕು” ಎಂದ ಪಾಲಯ್ಯ, ಕೈ ನಿಲ್ಲಿಸದೆ.

ಹನ್ನೊಂದು ಶಾಲಿದ್ದ ಕಡೆ ಒಂದು ವೀಳ್ಯದೆಲೆ ಇರಲಿಲ್ಲ. ಎದುರಿನ ಅಂಗಡಿಯಿಂದ ಸ್ವೀಟ್ ಬೀಡಾ ತರಿಸಿ ಕೊಟ್ಟರು. ಮೇಲೆ ಕೆಂಪು ಚೆರ್ರಿ ಚುಚ್ಚಿದ್ದು. ಪಾಲಯ್ಯ ಅದನ್ನೊಮ್ಮೆ ತಿರುಗಿಸಿ ನೋಡಿದ.

“ಎಲೆಯಂತೂ ಐತೆ” ಎಂದು ಕಣ್ಣಿಗೊತ್ತಿಕೊಂಡ. ಉರುಮೆ ನಿಂತಿತು.

ಮೊಳಕಾಲ್ಮುರು ಬಸ್ಸಿಗೆ ಕಾಯುತ್ತ ಟೀ ಕುಡಿದೆವು. ಕ್ಷಮೆ ಕೇಳುವುದು ನನಗೆ ರೂಢಿಯಿಲ್ಲ, ಕೇಳಿದೆ.

“ಪೋನೀ, ಬಿಡ್ರಿ ಮೇಷ್ಟ್ರೇ” ಎಂದ. “ಅದ್ಯಾವ್ದೋ ಕಹಳೆ ಭಾಳ ಚೆನ್ನಾಗಿತ್ತಂತೆ. ಜನ ಹೊರಗೆ ಬರ್ತಾ ಅದನ್ನೇ ಹೇಳ್ತಿದ್ರು. ನಂಗೆ ಒಂದೀಟೂ ಕೇಳಿಸ್ಲಿಲ್ಲ ನೋಡ್ರಿ.”

ಕಿಟಕಿ, ಪರದೆ, ಹಿಮಾಲಯ, ಎಲ್ಲವನ್ನೂ ಹೇಳಿದೆ. ನಗುತ್ತಾನೆ ಎಂದುಕೊಂಡಿದ್ದೆ. ನಗಲಿಲ್ಲ. ಲೋಟ ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದ. ಇದನ್ನು ನನ್ನ ನಾಲ್ಕನೆಯ ಪತ್ರವೆಂದು ಭಾವಿಸಿ ಸಮಿತಿಯವರು ಉತ್ತರಿಸತಕ್ಕದ್ದು:

“ಹಂಗಾರೆ ಆ ಚಪ್ಪಾಳೆ ಈಗ ಯಾರ ಹತ್ರ ಐತೆ?”